ಹಳೆಯದಾಗಬೇಕಿದ್ದ ಚೀಲ

ಆ ಪ್ರಾಜೆಕ್ಟ್ ಆಫೀಸರ್ ನೆನಪಾದರೆ ನನಗೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ತೊಂಬತ್ತರ ದಶಕದ ಕೊನೆಗೆ, ಕಡಿಮೆ ತೂಕದ ಕೂಸುಗಳನ್ನು ಬೆಚ್ಚಗಿಡುವ ಚೀಲಗಳನ್ನು ಫಾರಿನ್ ಫಂಡಿಂಗಿನಲ್ಲಿ ಸವದತ್ತಿಗೆ ತಂದವರು ಅವರೇ. ವಾಲಂಟಿಯರ್ ಆಗಿದ್ದ ನಾನು ಪ್ಯಾಕ್ ಬಿಚ್ಚಿ ಹಂಚೋಣವೆಂದು ಎಷ್ಟು ಕೇಳಿದರೂ ಟೈ ಸರಿಮಾಡಿಕೊಂಡು, "ಡೋನರ್ಸ್ ನೋಡಿದ ಮ್ಯಾಲೆ ಬಿಚ್ಚೂಣ್ರಿ, ಮೇಡಂ" ಎನ್ನುವರು.

ಹೂಲಿಯಲ್ಲೊಂದು ಹಸುಗೂಸು ತಣ್ಣಗಾಗುತ್ತಿದೆ ಎಂದು ಸುದ್ದಿ ಬಂದಾಗ, ಸಿಟ್ಟಿನಲ್ಲಿ ಅವರನ್ನೂ ಒಂದು ಚೀಲವನ್ನೂ ಜೀಪು ಹತ್ತಿಸಿದೆ.

ಕೂಸಿನ ಅಜ್ಜಿಯದು ಬೇರೆಯೇ ತಕರಾರು. "ಹಸಗೂಸಿಗೆ ಹೊಸಾ ಅರಿವಿ ಹಾಕೂದಿಲ್ರಿ. ಯಾರರೆ ಹೊದ್ಕೊಂಡಿದ್ದು ಇದ್ರ ಕೊಡ್ರಿ."

"ಮೈ ಗಾಡ್!" ಎಂದೆ.

ಆಫೀಸರ್ ಪ್ಲಾಸ್ಟಿಕ್ ಹರಿದು, ಚೀಲವನ್ನು ತಾವೇ ಬೆನ್ನಿಗೆ ಹೊದ್ದು ಕಟ್ಟೆಯ ಮೇಲೆ ಕುಳಿತರು.

"ಈಗ ಹಳೇದಾತೇನ್ರಿ, ಆಯಿ?"

"ಇನ್ನೊಂಚೂರು ಕುಂದ್ರೋ ಯಪ್ಪಾ."

ಒಳಗೆ ಕೂಸು ಸಣ್ಣಗೆ ನರಳಿತು. ಅವರ ಬೆನ್ನಿನ ಬಿಸಿ ಆರುವ ಮೊದಲೇ ಅಜ್ಜಿ ಚೀಲ ಕಸಿದುಕೊಂಡು ಒಳಗೋಡಿದಳು.