ಹೊಗಳಿದವರು ದೋಣಿ ಹತ್ತಬೇಕು

ನಮ್ಮ ಮನೆಯ ಕುಕ್ಕರ್ ಈಚೆಗೆ ನನ್ನನ್ನು ಕಂಡರೇ ಸೀಟಿ ಹೊಡೆಯುತ್ತದೆ ಎಂಬುದು ನನ್ನ ಗುಮಾನಿ. ಹಿಂದೆಲ್ಲ ಆ ಸದ್ದು ಊಟದ ಮುನ್ಸೂಚನೆಯಾಗಿತ್ತು, ಬಾಯಲ್ಲಿ ನೀರೂರಿಸುತ್ತಿತ್ತು. ಈಗ ಅದು ಕಿವಿಗೆ ಬಿದ್ದೊಡನೆ ನನ್ನ ಎರಡೂ ಕೈಗಳು ತಾವಾಗಿಯೇ ಹತ್ತಿರದ ಯಾವುದಾದರೂ ಗಟ್ಟಿ ವಸ್ತುವನ್ನು ತಬ್ಬಿಕೊಳ್ಳುತ್ತವೆ. ಅದು ಕಿಟಕಿಯ ಸರಳಾಗಿರಬಹುದು, ಫ್ರಿಜ್ಜಿನ ಹಿಡಿಯಾಗಿರಬಹುದು, ಮೊನ್ನೆ ಆದಂತೆ ಕರೆಂಟ್ ಬಿಲ್ಲು ಕೊಡಲು ಬಂದವರ ಹೆಗಲೂ ಆಗಿರಬಹುದು. "ಹ್ವಾಯ್, ಅದ್ ಕುಕ್ಕರ್ ಮಾರಾಯ್ರೇ, ಕಡಲಲ್ಲ!" ಎಂದು ನನ್ನ ಹೆಂಡತಿ ಸುಮತಿ ಒಳಗಿಂದ ಕೂಗುತ್ತಾಳೆ. ಕೂಗುವಾಗ ಅವಳ ದನಿಯಲ್ಲಿ ಮರುಕಕ್ಕಿಂತ ನಗೆಯೇ ಹೆಚ್ಚಿರುತ್ತದೆಂಬುದನ್ನು ನಿಮ್ಮಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಕುಕ್ಕರಿನಿಂದ ಕಡಲಿಗೆ ದಾರಿ ಹೇಗಾಯಿತು ಎಂದು ಕೇಳುತ್ತೀರಾದರೆ, ಅದು ಯುದ್ಧವಿಮಾನದ ಮೂಲಕ ಆಯಿತು.

ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಮನೆ ಹಂಗಾರಕಟ್ಟೆಯಲ್ಲಿ, ದೋಣಿ ಕಟ್ಟುವ ಜಾಗದಿಂದ ಕೂಗಳತೆಯಲ್ಲಿ. ಅಲ್ಲಿನ ಹೋಟೆಲಿನಲ್ಲಿ ಬೆಳಗಿನ ಚಹಾಕ್ಕೆ ಕೂತಾಗ ಪತ್ರಿಕೆಯ ಒಂದು ಸುದ್ದಿ ಕಣ್ಣಿಗೆ ಬಿತ್ತು. ನಾವೇ ಕಟ್ಟಿದ ಯುದ್ಧವಿಮಾನಗಳು ಪರದೇಶದಿಂದ ಬರಬೇಕಾದ ಇಂಜಿನ್ನಿಗಾಗಿ ಕಾಯುತ್ತಿವೆಯಂತೆ. ಮೇಷ್ಟ್ರ ಮುಂದೆ ಪತ್ರಿಕೆ ಮತ್ತು ನಾಲ್ಕು ಜನ ಕೇಳುಗರು ಒಟ್ಟಿಗೆ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಮೈ ಕಟ್ಟಿದೆವು, ರೆಕ್ಕೆ ಕಟ್ಟಿದೆವು, ಎದೆಬಡಿತಕ್ಕೆ ಮಾತ್ರ ಇನ್ನೊಬ್ಬರ ಬಾಗಿಲಲ್ಲಿ ನಿಂತಿದ್ದೇವೆ ಎಂದೆ. ಆ ಇಂಜಿನ್ನಿನೊಳಗೆ ತಿರುಗುವ ಪುಟ್ಟ ಅಲಗುಗಳು ತಮ್ಮ ಲೋಹವೇ ಕರಗಿಹೋಗುವಷ್ಟು ಬಿಸಿಗಾಳಿಯಲ್ಲಿ ಕೆಲಸ ಮಾಡಬೇಕು; ಒಳಗೆ ಕೊರೆದ ಕೂದಲೆಳೆಯಂಥ ದಾರಿಗಳಲ್ಲಿ ತಣ್ಣನೆಯ ಗಾಳಿ ಹರಿಯುವುದರಿಂದಲೇ ಅವು ಬದುಕಿರುತ್ತವೆ; ಈ ತಣಿಸುವ ವಿದ್ಯೆಯನ್ನು ಬಲ್ಲ ದೇಶಗಳು ಇಂಜಿನ್ನನ್ನಾದರೂ ಮಾರುತ್ತವೆ, ಗುಟ್ಟನ್ನು ಮಾತ್ರ ಮಾರುವುದಿಲ್ಲ ಎಂದು ವಿವರಿಸಿದೆ. ಚಹಾ ಆರಿತು, ನಾನು ಆರಲಿಲ್ಲ.

ಕೇಳುತ್ತಿದ್ದವರಲ್ಲಿ ನಾಡದೋಣಿಯ ಶೇಖರನೂ ಇದ್ದ. "ವಿಮಾನದ ಕತಿ ಬಿಡಿ ಮೇಷ್ಟ್ರೇ, ನನ್ ಕತಿಯೂ ಅದೇ ಅಲ್ದಾ?" ಎಂದ. ಅವನ ದೋಣಿ ಇಲ್ಲಿಯೇ ಕಟ್ಟಿದ್ದು, ಬಲೆ ಇಲ್ಲಿಯೇ ಹೆಣೆದದ್ದು, ಹಿಂಬದಿಗೆ ತಗುಲಿಸಿದ ಇಂಜಿನ್ ಮಾತ್ರ ಸಮುದ್ರದಾಚೆಯದು. ಅದನ್ನು ತಂಪಾಗಿಡಲು ನೀರೆಳೆಯುವ ಅಂಗೈಯಗಲದ ಒಂದು ರಬ್ಬರಿನ ಚಕ್ರ ಹರಿದುಹೋಗಿತ್ತು. ಅಂಗಡಿಯವರನ್ನು ಕೇಳಿದರೆ ಹಡಗಿನಲ್ಲಿ ಬರಬೇಕು, ಯಾವಾಗೆಂದು ಹೇಳಲಾಗದು ಎನ್ನುತ್ತಿದ್ದರು. ದೊಡ್ಡ ದೋಣಿಗಳು ಕಡಲಿಗಿಳಿಯದ ಮಳೆಗಾಲವೆಂದರೆ ನಾಡದೋಣಿಗೆ ದುಡಿಮೆಯ ಕಾಲ. ದೋಣಿ ಮರಳ ಮೇಲೆ ಕೂತರೆ ಅದರ ಆಳುಗಳು ಬೇರೆ ದೋಣಿ ಹತ್ತುತ್ತಾರೆ. ಹಾಗೆ ಒಮ್ಮೆ ಚದುರಿದ ತಂಡ ಮತ್ತೆ ಕೂಡುವುದು ಕಷ್ಟ. ಅಪ್ಪನ ಕಾಲದಿಂದ ಒಟ್ಟಿಗೇ ಬಲೆ ಎಳೆದ ಮನೆಗಳವರು ಅವರು. ಶೇಖರನಿಗೆ ಚಕ್ರದ ಚಿಂತೆಗಿಂತ ಆ ಚಿಂತೆಯೇ ದೊಡ್ಡದು.

ಅಷ್ಟರಲ್ಲಿ ಕುಂದಾಪುರದಲ್ಲಿ ಲೇತ್ ಮಷಿನ್ ಇಟ್ಟುಕೊಂಡಿರುವ ವಸಂತಣ್ಣ ಬಾಯಿ ಹಾಕಿದರು. ಗೇರುಬೀಜದ ಕಾರ್ಖಾನೆಗಳ ಕೆಟ್ಟುಹೋದ ಯಂತ್ರಗಳಿಗೆಲ್ಲ ತಾವೇ ಧನ್ವಂತರಿ ಎಂಬುದು ಅವರ ನಂಬಿಕೆ. ಅದನ್ನವರು ದಿನಕ್ಕೊಮ್ಮೆ ಸಾರದೆ ಬಿಡುವುದಿಲ್ಲ. "ಅದೆಂತ ದೊಡ್ ಸಂಗ್ತಿ ಮಾರಾಯಾ? ಒಂದ್ ರಬ್ಬರ್ ಚಕ್ರ! ನಾ ಮಾಡಿ ಕೊಡ್ತೆ."

ಎಲ್ಲರೂ ನನ್ನ ಮುಖ ನೋಡಿದರು. ನನ್ನೊಳಗೆ ಭಾಷಣ ಇನ್ನೂ ಬೆಚ್ಚಗಿತ್ತು. "ಧೈರ್ಯ ಮಾಡು ಶೇಖರ, ಖಂಡಿತ ಆತ್ತ್" ಎಂದೆ.

ಆ ಒಂದು ಮಾತಿನ ಬೆಲೆ ನನಗೆ ಗೊತ್ತಿರಲಿಲ್ಲ. ಶೇಖರನ ತಂಡದಲ್ಲಿ ಹಿಂದಿನಿಂದ ಒಂದು ಕ್ರಮವಿದೆ. ಹೊಸ ದೋಣಿಯಾಗಲಿ, ರಿಪೇರಿಯಾದ ಇಂಜಿನ್ನಾಗಲಿ, ಬಲೆ ಹೊತ್ತು ಹೋಗುವ ಮೊದಲು ನದಿ ಕಡಲಿಗೆ ಸೇರುವ ಅಳಿವೆಯನ್ನು ಖಾಲಿಯಾಗಿ ದಾಟಿ ಬರಬೇಕು. 'ಆತ್ತ್', ಅಂದರೆ ಆಗುತ್ತದೆ, ಎಂದು ಮೊದಲು ಹೇಳಿದವನು ಆಗ ದೋಣಿಯಲ್ಲಿ ಕೂತಿರಬೇಕು. ಹೊಗಳಿಕೆ ಅಗ್ಗವಾಗದಿರಲೆಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ವ್ಯವಸ್ಥೆ. ಇದನ್ನು ದೇಶದ ಎಲ್ಲ ಸಭಾಮಂಟಪಗಳಿಗೂ ಹಬ್ಬಿಸಿದರೆ ಭಾಷಣಗಳು ಎಷ್ಟು ಚಿಕ್ಕವಾಗಬಹುದೆಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲು ವ್ಯವಧಾನವಿರಲಿಲ್ಲ. ಕೆಲವೇ ದಿನಗಳಲ್ಲಿ ಶೇಖರ ನಮ್ಮ ಅಂಗಳಕ್ಕೆ ಬಂದು ನಿಂತಿದ್ದ.

"ಮೇಷ್ಟ್ರೇ, ಚಕ್ರ ಕೂರ್ಸಿ ಆಯ್ತ್. ಬನಿ, ಹೋಪ."

"ನಾನ್ಯಾಕ್? ಮಾಡ್ದದ್ದ್ ವಸಂತಣ್ಣ ಅಲ್ದಾ?"

"ಅವ್ರ್ ಮಾಡ್ದದ್ದ್ ಮಾತ್ರ. ಆತ್ತ್ ಅಂದದ್ದ್ ನೀವ್!"

ಕೊಡೆ ಹಿಡಿದು ದೋಣಿ ಹತ್ತಿದೆ. ದೋಣಿಗೆ ಕೊಡೆ ಯಾಕೆಂದು ಆಳುಗಳು ನಕ್ಕರು. ಇಂಜಿನ್ ಹೊತ್ತಿಕೊಂಡಿತು, ಅದರ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಚಿಮ್ಮತೊಡಗಿತು. ಒಳಗಿನ ಬಿಸಿಯನ್ನು ಹೊತ್ತು ಬರುವ ನೀರದು. ಅದು ಚಿಮ್ಮುತ್ತಿರುವಷ್ಟು ಹೊತ್ತು ಇಂಜಿನ್ ಕ್ಷೇಮ. "ಉಚ್ಚಿ ಹೊಯ್ತಾ ಇತ್ತ್, ಹೆದ್ರಬೇಡಿ" ಎಂದು ಶೇಖರ ಧೈರ್ಯ ತುಂಬಿದ. ಭೌತಶಾಸ್ತ್ರದ ಯಾವ ಪಠ್ಯದಲ್ಲೂ ಉಷ್ಣ ವರ್ಗಾವಣೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಅಳಿವೆಯ ನಡುವೆ, ಎರಡೂ ಬದಿಯಿಂದ ತೆರೆಗಳು ಬಿಳಿಯಾಗಿ ಮುರಿಯುವಲ್ಲಿ, ಆ ಎಳೆ ಸಣ್ಣದಾಯಿತು, ತೊಟ್ಟಿಕ್ಕಿತು, ನಿಂತಿತು. ಮರುಕ್ಷಣವೇ ಬಿಸಿಯೇರಿದ ಇಂಜಿನ್ ಉದ್ದಕ್ಕೆ ಎಚ್ಚರಿಕೆಯ ಸೀಟಿ ಊದಿತು. ಅದೇ, ನಮ್ಮ ಕುಕ್ಕರಿನ ಸ್ವರ. ಆಮೇಲೆ ಇಂಜಿನ್ನೂ ನಿಂತಿತು. ಆ ಮೌನವಿದೆಯಲ್ಲ, ಅದನ್ನು ನಾನು ಈಗಲೂ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಹಾಜರಿ ಕರೆಯುವಾಗ ಎರಡು ಹೆಸರುಗಳ ನಡುವೆ ಕೇಳುತ್ತೇನೆ. ದೋಣಿ ಅಡ್ಡ ತಿರುಗಿತು. ಹಸಿರು ಗೋಡೆಯೊಂದು ನನ್ನ ತಲೆಗಿಂತ ಎತ್ತರದಲ್ಲಿ ಎದ್ದು, ನಾನು ಯಾರೆಂದು ವಿಚಾರಿಸದೆ ಮೈಮೇಲೆ ಬಿತ್ತು. "ಹಿಡ್ಕಣಿ ಮೇಷ್ಟ್ರೇ!" ಎಂದು ಶೇಖರ ಕಿರುಚಿದ, ನಾನು ಹಿಡಿದುಕೊಂಡದ್ದು ಕೊಡೆಯನ್ನು. ಆಳುಗಳು ಲಂಗರು ಒಗೆದು ದೋಣಿಯ ಮೂತಿಯನ್ನು ತೆರೆಯ ಕಡೆ ತಿರುಗಿಸಿದರು, ಹುಟ್ಟು ಹಾಕಿದರು, ದೇವರನ್ನು ಕರೆದರು, ವಸಂತಣ್ಣನನ್ನು ಬೈದರು. ಕೊನೆಗೆ ಇನ್ನೊಂದು ದೋಣಿ ಹಗ್ಗ ಎಸೆದು ನಮ್ಮನ್ನು ದಡಕ್ಕೆಳೆಯಿತು. ಅದರ ಯಜಮಾನ ಬಿಡುತ್ತಾನೆಯೇ? "ಎಂತ ಮೇಷ್ಟ್ರೇ, ನಿಮ್ ವಿಮಾನ ಇಳೀತಾ?"

ಅಂದಿನಿಂದ ನನಗೆ ಇಂಜಿನ್ನುಗಳ ಬಗ್ಗೆ ಹೊಸ ಗೌರವ ಹುಟ್ಟಿದೆ. ನಮ್ಮಲ್ಲೇ ಇಂಜಿನ್ ಮಾಡುವುದೆಂದರೆ ಬಾವುಟ ಹಿಡಿದು ನಡೆದಷ್ಟು ಸುಲಭವೆಂದು ನಾವು ಬಗೆದಿರುತ್ತೇವೆ. ಅದು ಹೆಚ್ಚುಪಾಲು ಸುಟ್ಟ ತುಂಡುಗಳನ್ನು ಮೇಜಿನ ಮೇಲಿಟ್ಟು ಯಾಕೆ ಸುಟ್ಟಿತು ಎಂದು ನೋಡುತ್ತ ಕೂರುವ ಕೆಲಸ. ಎಲ್ಲೋ ಒಂದು ಕಟ್ಟಡದಲ್ಲಿ, ಒಡೆದ ಅಲಗನ್ನು ಬೆಳಕಿಗೆ ಹಿಡಿದು, ಮನೆಯವರು ಫೋನ್ ಮಾಡಿದರೆ "ಈಗ ಬಂದೆ" ಎಂದು ಸುಳ್ಳು ಹೇಳುತ್ತ ಕೂತವರನ್ನು ಊಹಿಸಿಕೊಳ್ಳುತ್ತೇನೆ. ಕೊಂಡು ತಂದ ಇಂಜಿನ್ನಿನ ಜೊತೆಗೆ ಬೇರೆಯವರು ಪಟ್ಟ ಹೆದರಿಕೆಯೂ ಬಂದಿರುತ್ತದೆ. ಅದನ್ನವರು ನಮ್ಮ ಪರವಾಗಿ ಆಗಲೇ ಪಟ್ಟು ಮುಗಿಸಿರುತ್ತಾರೆ. ನಮ್ಮದೇ ಬೇಕೆಂದರೆ ಆ ಹೆದರಿಕೆಯನ್ನೂ ನಾವೇ ಪಡಬೇಕು. ಈ ವಿಷಯದಲ್ಲಿ ನಾನು ನನ್ನ ಪಾಲಿನ ದೇಶಸೇವೆ ಸಲ್ಲಿಸಿದ್ದೇನೆಂದು ಸುಮತಿಗೆ ಹೇಳಿದೆ. "ಸೇವೆ ಸಾಕ್, ಒದ್ದೆ ಪ್ಯಾಂಟ್ ಕೊಡಿ" ಎಂದಳು.

ವಸಂತಣ್ಣ ಮಾತ್ರ ಹೋಟೆಲಿಗೆ ಬರುವುದನ್ನೇ ಬಿಟ್ಟರು. ಬಿಸಿಗೆ ರಬ್ಬರು ಗಡುಸಾಗಿ ಚಕ್ರದ ರೆಕ್ಕೆಗಳು ಮುರಿದಿದ್ದವು. ಅವರು ರಬ್ಬರು ಬದಲಿಸಿದರು, ಅಚ್ಚು ಬದಲಿಸಿದರು, ಡ್ರಮ್ಮಿನ ತುಂಬ ಕಡಲ ನೀರು ತಂದು ಇಂಜಿನ್ ಮುಳುಗಿಸಿ ಓಡಿಸಿ ಓಡಿಸಿ ಅಕ್ಕಪಕ್ಕದ ಅಂಗಡಿಯವರಿಂದ ಉಗಿಸಿಕೊಂಡರು. ಅಷ್ಟರಲ್ಲಿ ಶೇಖರನ ಆಳುಗಳಲ್ಲಿ ಇಬ್ಬರು ಬೇರೆ ದೋಣಿಯವರೊಡನೆ ಮಾತಾಡಿ ಬಂದಿದ್ದರು. ಇನ್ನೊಮ್ಮೆ ನೋಡಿ ಹೊರಡುತ್ತೇವೆ ಎಂದಿದ್ದರು, ಅಷ್ಟೇ.

ಆ ಇನ್ನೊಮ್ಮೆಯ ಬೆಳಿಗ್ಗೆ ಶೇಖರ ನನ್ನನ್ನು ಕರೆಯಲು ಬರಲಿಲ್ಲ. ಕ್ರಮದ ಪ್ರಕಾರ ನನ್ನ ಬಾಕಿ ತೀರಿತ್ತು. ಸುಮ್ಮನೆ ನೋಡೋಣವೆಂದು ದಡಕ್ಕೆ ಹೋದೆ. ದೋಣಿಯಲ್ಲಿ ವಸಂತಣ್ಣ ಕೂತಿದ್ದರು, ಮುಖ ಹಸಿ ಗೇರುಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಈ ಸರ್ತಿ ಆತ್ತ್ ಅಂದದ್ದ್ ನಾನೇ ಮೇಷ್ಟ್ರೇ. ನಂಗ್ ಈಜುಕ್ ಬತ್ತಿಲ್ಲೆ."

ನಾನು ಹತ್ತಿದೆ. ಧೈರ್ಯವೆಂದು ದಯವಿಟ್ಟು ಹೆಸರಿಡಬೇಡಿ. ನನಗಿಂತ ಹೆಚ್ಚು ಹೆದರಿದವರ ಪಕ್ಕ ಕೂತರೆ ನನ್ನ ಹೆದರಿಕೆ ಸ್ವಲ್ಪ ಲಕ್ಷಣವಾಗಿ ಕಾಣಬಹುದೆಂಬ ಆಸೆ. ಅಳಿವೆ ಬಂತು. ವಸಂತಣ್ಣ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದರು. ಬಿಳಿ ತೆರೆ ಎಡಕ್ಕೆ ಉಳಿಯಿತು, ಬಲಕ್ಕೆ ಉಳಿಯಿತು, ಹಿಂದೆ ಉಳಿಯಿತು. ನೀರಿನ ಎಳೆ ಬಿಗಿದ ತಂತಿಯಂತೆ ಚಿಮ್ಮುತ್ತಲೇ ಇತ್ತು. ಇಲ್ಲಿಂದ ಒಂದು ಸುತ್ತು ಹೊಡೆದು ಹಿಂದಿರುಗಬೇಕೆಂದು ಮೊದಲೇ ಮಾತಾಗಿತ್ತು. ಶೇಖರ ತಿರುಗಿಸಲಿಲ್ಲ.

"ವಾಪಸ್ ಹೋಪುದ್ ಇಲ್ಯಾ?" ಎಂದೆ.

"ಬಂಗ್ಡಿ ಮೀನ್ ಕಾಣ್ತಾ ಇತ್ತ್ ಮೇಷ್ಟ್ರೇ. ಈಗ ಎಂತ ವಾಪಸ್?"

ಹೊರಡುತ್ತೇವೆಂದಿದ್ದ ಇಬ್ಬರು ತಾಡಪಾಲು ಸರಿಸಿದರು. ಖಾಲಿಯಾಗಿರಬೇಕಾದ ದೋಣಿಯಲ್ಲಿ ಇಡೀ ಬಲೆ ಮಡಚಿ ಮಲಗಿತ್ತು, ಅವರೇ ತುಂಬಿಸಿದ್ದರು. ಶೇಖರ ಅವರನ್ನು ನೋಡಿ, ದೋಣಿಯ ಮೂತಿಯನ್ನು ಮೀನಿನ ಕಡೆಗೆ ತಿರುಗಿಸಿದ.

"ನಂಗ್ ಕ್ಲಾಸ್ ಇತ್ತ್ ಮಾರಾಯಾ!"

"ಮಕ್ಳ್ ಖುಷಿ ಪಡ್ತ್ರ್, ಬಿಡಿ."

ವಸಂತಣ್ಣ ದೋಣಿಯ ಅಂಚಿಗೆ ಬಾಗಿ ಬೆಳಗಿನ ತಿಂಡಿಯನ್ನೆಲ್ಲ ಕಡಲಿಗೆ ಅರ್ಪಿಸುತ್ತಿದ್ದರು; ನಡುನಡುವೆ ತಲೆಯೆತ್ತಿ ನಗುತ್ತಿದ್ದರು. ಪರೀಕ್ಷೆ ಮುಗಿಯಿತೆಂದು ಯಾರೂ ಸಾರಲಿಲ್ಲ. ಬಲೆಯ ಹಗ್ಗದ ತುದಿಯೊಂದನ್ನು ಯಾರೋ ನನ್ನ ಕೈಗೆ ತುರುಕಿದರು. ಗಟ್ಟಿಯಾಗಿ ಹಿಡಿದುಕೊಂಡೆ, ಆಮೇಲೆ ಉಳಿದವರು ಎಳೆಯುವುದನ್ನು ಕಂಡು ನಾನೂ ಎಳೆದೆ.