ಬೈಂಡರ್ ಅಂಟಿಸಹೊರಟ ಚೀಟಿ

ಬೈಂಡರ್‌ಗೆ ಅರವತ್ಮೂರು ದಾಟಿತ್ತು. ಓಣಿಯ ಜನ ಅವನ ಹೆಸರು ಮರೆತು ಎಷ್ಟೋ ವರ್ಷವಾಗಿತ್ತು. ಕೋರ್ಟಿನ ಕಡತವಿರಲಿ, ಶಾಲೆಯ ಹಾಜರಿ ಪುಸ್ತಕವಿರಲಿ, ಬೆನ್ನು ಮುರಿದ ನಿಘಂಟಿರಲಿ, ‘ಬೈಂಡರ್ ಹತ್ರ ಕೊಡಿ’ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮೇಜು, ಅದರ ಮೇಲೆ ಅಂಟಿನ ಡಬ್ಬಿ, ಮೇಣ ಹಚ್ಚಿದ ದಾರದ ಉಂಡೆ, ದಬ್ಬಣ, ಹಾಳೆಯ ಮಡಿಕೆ ಉಜ್ಜಿ ಉಜ್ಜಿ ನುಣುಪಾದ ಮೂಳೆಪಟ್ಟಿ. ಮೂಲೆಯಲ್ಲಿ ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸು. ಅವನು ಹೊಲಿದ ಪುಸ್ತಕ ಬಿಚ್ಚಿಕೊಂಡಿತು ಎಂದು ಯಾರೂ ವಾಪಸು ತಂದದ್ದಿಲ್ಲ. ಆ ಜಂಬವೂ ಅವನಿಗೆ ಸಾಕಷ್ಟಿತ್ತು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಕ್ಯಾಪ್ಟನ್ ಬರುತ್ತಿದ್ದ. ನಿವೃತ್ತನಾದದ್ದು ಸಿಟಿ ಬಸ್ಸಿನ ಡ್ರೈವರಾಗಿ, ಆದರೂ ಎಲ್ಲರ ಬಾಯಲ್ಲಿ ಕ್ಯಾಪ್ಟನ್ನೇ. ಯುದ್ಧದ ಕಾಲದಲ್ಲಿ ಅವನು ಬಾಂಬರ್ ವಿಮಾನ ಹಾರಿಸಿದ್ದ. ಅದೇ ವಿಮಾನದ ಮೂತಿಯಲ್ಲಿ ಬೋರಲು ಮಲಗಿ, ಗುರಿ ನೋಡಿ, ಬಾಂಬಿನ ಗುಂಡಿ ಒತ್ತುತ್ತಿದ್ದವನು ಬೈಂಡರ್. ಏಳು ಜನರ ತಂಡದಲ್ಲಿ ಉಳಿದವರು ಇವರಿಬ್ಬರೇ. ಕ್ಯಾಪ್ಟನ್ ಮದುವೆಯಾಗಲಿಲ್ಲ. ಬೈಂಡರನ ಹೆಂಡತಿ ಬಡಿಸುತ್ತಾ ಕಾಲೆಳೆಯುತ್ತಿದ್ದಳು. “ಅಣ್ಣ, ನಿಮ್ಮ ಬಸ್ಸಲ್ಲಿ ಅಷ್ಟು ಹೆಂಗಸರು ಹತ್ತಿ ಇಳಿದ್ರು, ಒಬ್ಬಳೂ ನಿಮ್ಮ ಕಡೆ ತಿರುಗಿ ನೋಡಲಿಲ್ವಾ?”

“ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಹಾಕಿರ್ತಾರಲ್ಲಮ್ಮ,” ಎಂದು ಅವನು ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ.

ಹಳೆಯ ಜೋಕು, ಆದರೂ ಪ್ರತಿ ಸಲ ನಗು ಬರುತ್ತಿತ್ತು. ಬೈಂಡರ್ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಿದ್ದ. ಕ್ಯಾಪ್ಟನ್ ಯಾಕೆ ಒಂಟಿ ಉಳಿದ ಎಂಬುದು ಅವನಿಗೆ ಗೊತ್ತಿತ್ತು. ಕ್ಯಾಪ್ಟನ್‌ಗೇ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಗೊತ್ತಿತ್ತು.

ಯುದ್ಧದ ಆ ಕಾಲಕ್ಕೆ ಶತ್ರುಗಳು ಹಿಡಿದುಕೊಂಡಿದ್ದ, ತಮ್ಮದೇ ದೇಶದ ಒಂದು ಊರು. ಅಲ್ಲಿನ ರೈಲ್ವೆ ಯಾರ್ಡಿನ ಮೇಲೆ ಬಾಂಬು ಹಾಕಿ ಬರಬೇಕೆಂದು ಆಜ್ಞೆಯಾಗಿತ್ತು. ಊರು ಬಿಡಿಸುವುದಕ್ಕೆ ಊರನ್ನೇ ಸುಡುವ ಬುದ್ಧಿವಂತಿಕೆ ನಕ್ಷೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತವರದು. ಅವರಿಗೆ ಮುಂದೆ ಪದಕವೂ ಬಂತು, ಪಿಂಚಣಿಯೂ ಬಂತು. ಗುರಿ ಹಿಡಿಯುವ ಕೊನೆಯ ಅರ್ಧ ನಿಮಿಷ ವಿಮಾನ ಗೆರೆ ಎಳೆದಂತೆ ನೇರ ಹೋಗಬೇಕು. ಕೆಳಗಿನ ಫಿರಂಗಿಗಳಿಗೆ ಅದಕ್ಕಿಂತ ಸುಲಭದ ಬೇಟೆ ಇಲ್ಲ. ಹಾಗಾಗಿ ಬಾಂಬು ಬಿಡುವವರಿಗೆಲ್ಲ ಒಂದು ಚಟ ಅಂಟಿಕೊಂಡಿತ್ತು, ಒಂಚೂರು ಮೊದಲೇ ಗುಂಡಿ ಒತ್ತಿ ಜೀವ ಉಳಿಸಿಕೊಂಡು ಓಡುವುದು. ಮೊದಲನೆಯವನ ಬಾಂಬು ಗುರಿಗಿಂತ ಈಚೆ ಬೀಳುತ್ತದೆ. ಹಿಂದಿನವನು ಆ ಬೆಂಕಿಯ ಅಂಚಿಗೆ ಗುರಿಯಿಡುತ್ತಾನೆ, ಅವನೂ ಹೆದರಿ ಮೊದಲೇ ಒತ್ತುತ್ತಾನೆ, ಇನ್ನಷ್ಟು ಈಚೆ. ಹೀಗೆ ಬೆಂಕಿ ವಿಮಾನಗಳು ಬಂದ ದಾರಿಯಲ್ಲೇ ಹಿಂದಕ್ಕೆ, ಮನೆಗಳ ಮೇಲೆ ತೆವಳಿಕೊಂಡು ಬರುತ್ತದೆ. ವಾಯುಪಡೆಯಲ್ಲಿ ಇದಕ್ಕೆ ‘ತೆವಳು’ ಎಂದೇ ಹೆಸರು, ಕೂಸಿನ ಆಟಕ್ಕೆ ಇಟ್ಟ ಹಾಗೆ.

ಆ ಸಂಜೆ ಎಲ್ಲರಿಗಿಂತ ಮುಂದಿದ್ದ ವಿಮಾನ ಕಣ್ಣೆದುರೇ ಎರಡು ತುಂಡಾಯಿತು. ಈಗ ಮುಂದಿರುವವರು ಇವರೇ. ಬೈಂಡರ್ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡ. ಗುರಿಗಾಜಿನ ಗೆರೆ ಇನ್ನೂ ಹೆಂಚಿನ ಮಾಡುಗಳ ಮೇಲಿದ್ದಾಗಲೇ ಅವನ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತು. ನಾಲ್ಕು ಸೆಕೆಂಡು ಮೊದಲು. ಆ ವೇಗಕ್ಕೆ ನಾಲ್ಕು ಸೆಕೆಂಡು ಎಂದರೆ ನಾನೂರು ಗಜ. ಯಾರ್ಡಿಗೆ ನಾನೂರು ಗಜ ಈಚೆ ಇದ್ದದ್ದು ಬಟ್ಟೆ ಒಗೆಯುವವರ ಬೀದಿ. ಹಿಂದಿದ್ದ ವಿಮಾನಗಳು ಇವರು ಹಚ್ಚಿದ ಬೆಂಕಿಗೇ ಗುರಿಯಿಟ್ಟವು. ಅರವತ್ತೆಂಟು ಜನ ಸತ್ತರು.

ವಾಪಸು ಬಂದ ಮೇಲೆ ಅಧಿಕಾರಿ ವಿಮಾನದ ಕ್ಯಾಮೆರಾ ತೆಗೆದ ಫೋಟೋ ಮುಂದಿಟ್ಟು ಕೇಳಿದ. ಬೈಂಡರ್ ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಹೇಳಿದ, ಫಿರಂಗಿಯ ಏಟಿಗೆ ವಿಮಾನ ಅಲುಗಿತು, ನಾನು ನೇರ ಹಿಡಿಯಲಿಲ್ಲ, ತಪ್ಪು ನನ್ನದು. ಅವನು ಮನಸಾರೆ ಹಾಗೇ ನಂಬಿದ್ದ. ಬೈಂಡರ್ ತುಟಿ ಪಿಟಕ್ಕೆನ್ನದೆ ಚಹಾದ ಲೋಟದಲ್ಲಿ ಮುಖ ಹುದುಗಿಸಿದ. ಅಧಿಕಾರಿ ಎರಡು ಸಾಲು ಗೀಚಿಕೊಂಡು, ಇನ್ನೊಂದು ಬಿಸ್ಕತ್ತು ತಗೊಳ್ಳಿ ಎಂದ. ಅಲ್ಲಿಗೆ ವಿಚಾರಣೆ ಮುಗಿಯಿತು.

ಶಿಕ್ಷೆಯನ್ನು ಕ್ಯಾಪ್ಟನ್ ತನಗೆ ತಾನೇ ಕೊಟ್ಟುಕೊಂಡ, ಮದುವೆ ಬೇಡವೆಂದ. ವರ್ಷಕ್ಕೊಮ್ಮೆ ರಜೆ ಹಾಕಿ ಆ ಊರಿಗೆ ಹೋಗಿ ಗೋಡೆ ಕಟ್ಟಿದ, ಶಾಲೆಯ ಮಾಡಿಗೆ ಹೆಂಚು ಹೊದಿಸಿದ. ಬೈಂಡರನಿಗೆ ಮಗಳು ಹುಟ್ಟಿದಾಗ ಮಗುವನ್ನು ಎತ್ತಿಕೊಳ್ಳಲಿಲ್ಲ; ನನ್ನ ಕೈ ನೆಚ್ಚುವ ಹಾಗಿಲ್ಲ ಎಂದು ದೂರ ನಿಂತ. ಅವತ್ತೇ ಹೇಳಬೇಕೆಂದು ಬೈಂಡರನ ನಾಲಿಗೆ ತುದಿಯವರೆಗೆ ಬಂದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಈಗ ನಲವತ್ತೊಂದು ವರ್ಷ.

ಈಗ ಆ ಊರಿನ ಹೊರಗೆ ಹೊಸ ವಿಮಾನ ನೆಲೆ ಕಟ್ಟಲು ಸರ್ಕಾರ ಜಮೀನು ಅಳೆಯುತ್ತಿತ್ತು. ಊರವರು ತಿರುಗಿಬಿದ್ದಿದ್ದರು. ಶನಿವಾರ ಅಲ್ಲಿನ ಶಾಲೆಯ ಹಾಲ್‌ನಲ್ಲಿ ಸಭೆ. ಮೇಲಿಂದ ಬಾಂಬು ಹಾಕಿದವನೇ ಬರೆದುಕೊಟ್ಟರೆ ಒಳ್ಳೆಯದೆಂದು ಕ್ಯಾಪ್ಟನ್ ಹತ್ತಿರ ಇಪ್ಪತ್ನಾಲ್ಕು ಪುಟ ಬರೆಸಿದ್ದರು. ಅಚ್ಚಾದ ಹಾಳೆಗಳನ್ನು ಅವನು ಸೋಮವಾರ ಬೈಂಡರನ ಮೇಜಿನ ಮೇಲೆ ತಂದು ಹಾಕಿದ. ಇನ್ನೂರು ಪ್ರತಿ, ನಿನ್ನ ಕೈ ಹೊಲಿಗೆಯೇ ಬೇಕು ಎಂದ.

ಗಂಡ ಹೆಂಡತಿ ಕೂತು ಮಡಿಸಿದರು, ಹೊಲಿದರು. ಒಂಬತ್ತನೆಯ ಪುಟದಲ್ಲಿ ‘ನನ್ನ ಕೈ ತಪ್ಪಿತು, ಅರವತ್ತೆಂಟು ಜನ ಸತ್ತರು’ ಎಂದಿತ್ತು. ಆ ಸಾಲು ಇನ್ನೂರು ಸಲ ಮೂಳೆಪಟ್ಟಿಯ ಕೆಳಗೆ ಹಾದುಹೋಯಿತು. ಬಾಂಬು ಬಿದ್ದ ಊರಿಗೇ ಈ ಸುಳ್ಳನ್ನು ಹಂಚುತ್ತಾರೆ, ಹೊಲಿದುಕೊಟ್ಟವನು ತಾನು. ಬುಧವಾರ ಸಂಜೆ ಬೈಂಡರ್ ಪಕ್ಕದ ಬೀದಿಯ ಮುದ್ರಣಾಲಯಕ್ಕೆ ಹೋಗಿ ಇನ್ನೂರು ಚೀಟಿ ಅಚ್ಚು ಹಾಕಿಸಿಕೊಂಡು ಬಂದ. ಪುಸ್ತಕದಲ್ಲಿ ಅಕ್ಷರ ತಪ್ಪಿದ್ದರೆ ಕೊನೆಗೆ ಅಂಟಿಸುತ್ತಾರಲ್ಲ, ಅಂಥ ತಪ್ಪು-ಒಪ್ಪಿನ ಚೀಟಿ:

‘ಪುಟ ೯, ಸಾಲು ೪: “ನನ್ನ ಕೈ” ಎಂದಿರುವಲ್ಲಿ “ಬಾಂಬು ಬಿಡುವವನ ಕೈ” ಎಂದು ಓದಿಕೊಳ್ಳಬೇಕು.’

ನಲವತ್ತು ವರ್ಷ ಪುಸ್ತಕದ ನಡುವೆ ಬದುಕಿದವನಿಗೆ ಪಾಪವನ್ನೂ ಹೀಗೇ ತಿದ್ದಬಹುದು ಅನ್ನಿಸಿತ್ತು. ಚೀಟಿ ಅಂಟಿಸಿ ಕಟ್ಟು ಕಟ್ಟಿಕೊಟ್ಟರೆ ಆಯಿತು, ಕ್ಯಾಪ್ಟನ್ ಆ ಊರಿಗೆ ಹೋದ ಮೇಲೆ ಓದಿಕೊಳ್ಳುತ್ತಾನೆ, ಎದುರಿಗೆ ನಿಲ್ಲುವ ಕಷ್ಟವಿಲ್ಲ.

ಆದರೆ ಕ್ಯಾಪ್ಟನ್ ಗುರುವಾರ ಬೆಳಿಗ್ಗೆಯೇ ಬಂದ. ಬೈಂಡರನ ಕೈಯಲ್ಲಿ ಅಂಟಿನ ಬ್ರಶ್ಶು, ಮೂವತ್ತು ಪ್ರತಿ ಆಗಿತ್ತು. ಕ್ಯಾಪ್ಟನ್ ಒಂದು ಪ್ರತಿ ಎತ್ತಿಕೊಂಡು ಕೊನೆಯ ಪುಟ ತೆರೆದ. ಬಹಳ ಹೊತ್ತು ಓದಿದ, ಇದ್ದದ್ದು ಒಂದೇ ಸಾಲು.

“ಬಾಯಲ್ಲಿ ಹೇಳು,” ಎಂದ.

“ಮೊದಲೇ ಒತ್ತಿದೆ ಕಣೋ. ನೀನು ನೇರಾನೇ ಹಿಡಿದಿದ್ದೆ.”

“ಎಷ್ಟು ಮೊದಲು?”

“ನಾಲ್ಕು ಸೆಕೆಂಡು.”

ಕ್ಯಾಪ್ಟನ್ ಕಾಗದದ ಕಟ್ಟಿನ ಮೇಲೆ ಕುಕ್ಕರಿಸಿದ. ಹೊಡೆದರೂ ಹೊಡೆಸಿಕೊಳ್ಳೋಣ ಎಂದು ಬೈಂಡರ್ ಕಾದ. ಹೊಡೆತ ಬೀಳಲಿಲ್ಲ. ಇನ್ನಾದರೂ ನಿನ್ನ ಮನಸ್ಸು ಹಗುರವಾಗಲಿ ಎಂದು ಬೈಂಡರನೇ ಏನೋ ತೊದಲಿದ.

“ಹಗುರಾನಾ?” ಕ್ಯಾಪ್ಟನ್ ದನಿ ಏರಿಸಲಿಲ್ಲ. “ನೇರ ಹಿಡಿದಿದ್ದೆ ಅಂತೀಯ. ಅಂದ್ರೆ ಆ ಬೀದಿ ಮೇಲೆ ನಿನ್ನ ನೆಟ್ಟಗೆ ತಗೊಂಡು ಹೋಗಿ ಇಟ್ಟೋನು ನಾನು. ಇಷ್ಟು ದಿನ ಕೈ ತಪ್ಪಿತು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಕೈ ಸರಿಯಾಗೇ ಇತ್ತು. ನಿನ್ನ ಮಗಳನ್ನ ಒಂದು ಸಲಾನೂ ಎತ್ಕೊಂಡಿಲ್ಲ ನಾನು.”

ಬೈಂಡರನ ಹೆಂಡತಿ ಮಡಿಸುತ್ತಿದ್ದ ರಟ್ಟನ್ನು ಕೆಳಗಿಟ್ಟಳು. “ಇಷ್ಟು ವರ್ಷ ಅಣ್ಣನಿಗೆ ಬಡಿಸಿದೆ,” ಎಂದಳು ಗಂಡನಿಗೆ. “ನಿಮ್ಮ ಸುಳ್ಳು ಮುಚ್ಚಿಡೋಕೆ ಬಡಿಸ್ತಿದೀನಿ ಅಂತ ಗೊತ್ತಿರಲಿಲ್ಲ ಕಣ್ರೀ.”

ಕ್ಯಾಪ್ಟನ್ ಚೀಟಿಯ ಮೂಲೆಗೆ ಉಗುರು ಹಾಕಿ ಎಳೆದ. ಸಲೀಸಾಗಿ ಕಿತ್ತು ಬಂತು.

“ಇದು ನಿಲ್ಲಲ್ಲ. ಹೊಲಿ.”

ಒಂಟಿ ಹಾಳೆ ಹೊಲಿಯಲು ಬರುವುದಿಲ್ಲ, ನಡುಮಧ್ಯೆ ಮಡಿಸಿದ ಹಾಳೆಯೇ ಬೇಕು, ಅಂದರೆ ನಾಲ್ಕು ಪುಟವಾಗುತ್ತದೆ ಎಂದು ಬೈಂಡರ್ ಅಭ್ಯಾಸಬಲದಿಂದ ವಿವರಿಸಿದ.

“ಹಾಗಾದ್ರೆ ನಾಲ್ಕು ಪುಟ ಬರಿ.”

ಬೈಂಡರ್ ಬರೆಯಲು ಕೂತ. ನಡೆದದ್ದು ಆರು ಸಾಲಿಗೆ ಮುಗಿದುಹೋಯಿತು. ಉಳಿದ ಜಾಗ ಬಾಯಿ ತೆರೆದುಕೊಂಡು ಕೂತಿತ್ತು. ನಾಲ್ಕು ಪುಟ ತುಂಬಬೇಕಾದರೆ ಉಚ್ಚೆಯನ್ನೂ ಬರೆಯಬೇಕಾಯಿತು, ಹೆಂಚುಗಳು ಕಂಡದ್ದನ್ನು, ಅವು ಮನೆಗಳೆಂದು ತಿಳಿದೇ ಒತ್ತಿದ್ದನ್ನು, ಬಿಸ್ಕತ್ತು ರುಚಿಯಾಗಿದ್ದದ್ದನ್ನು, ಗೆಳೆಯ ದಂಡ ತೆರುವುದನ್ನು ಊಟಕ್ಕೆ ಕರೆದು ನೋಡುತ್ತಾ ಬಂದದ್ದನ್ನು. ಸಂಜೆಗೆ ಮುಗಿಯಿತು. ಮರುದಿನ ಮಧ್ಯಾಹ್ನ ಹಾಳೆ ಅಚ್ಚಾಗಿ ಬಂದಾಗ ಕ್ಯಾಪ್ಟನ್ ಇನ್ನೂರು ಪ್ರತಿಯ ದಾರವನ್ನೂ ತಾನೇ ಕತ್ತರಿಸಿ ಕೊಟ್ಟ. ಬೈಂಡರ್ ಹೊಸ ಹಾಳೆ ನಡುವೆ ಇಟ್ಟು ಮತ್ತೆ ಹೊಲಿದ.

ಶನಿವಾರ ಬಸ್ಸಿನಲ್ಲಿ ಕ್ಯಾಪ್ಟನ್ ಮುಂದಿನ ಸೀಟಿನಲ್ಲಿ ಕೂತ, ಬೈಂಡರ್ ಹಿಂದೆ.

ಶಾಲೆಯ ಹಾಲ್ ಕಿಕ್ಕಿರಿದಿತ್ತು. ಬೈಂಡರ್ ನಿಂತುಕೊಂಡು ನಾಲ್ಕು ಪುಟವನ್ನೂ ಓದಿದ. ಉಗಿಯುತ್ತಾರೆ ಎಂದುಕೊಂಡಿದ್ದ; ಉಗಿದರೆ ಒರೆಸಿಕೊಂಡು ಬರಬಹುದಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ಆ ಬೀದಿಯಲ್ಲೇ ಬಟ್ಟೆ ಒಗೆದು ಬಾಳಿದವಳು, ಕೈಯೆತ್ತಿದಳು.

“ನಾಲ್ಕು ಸೆಕೆಂಡು ತಡೆದಿದ್ರೆ ಯಾರ್ಡ್ ಮೇಲೆ ಬೀಳ್ತಿತ್ತು, ಅಲ್ವಾ?”

“ಹೌದಮ್ಮ.”

“ನಮ್ಮ ಯಜಮಾನ್ರು ಆ ಹೊತ್ತಲ್ಲಿ ಯಾರ್ಡಲ್ಲಿ ಪಾಳಿ ಮೇಲಿದ್ರು. ಅಲ್ಲೂ ನೂರು ಜನ ಕೂಲಿಗಳು ಇದ್ರು. ಅವರು ಉಳಕೊಂಡ್ರು. ಮನೇಲಿದ್ದ ನನ್ನ ಎರಡು ಮಕ್ಕಳು ಹೋದವು. ಈಗ ಹೇಳಿ, ಎಲ್ಲಿ ಬಿದ್ದಿದ್ರೆ ಸರಿ ಅಂತ ನಾನು ಅನ್ನಲಿ?”

ಇಷ್ಟು ವರ್ಷ ಬೈಂಡರನ ತಪ್ಪಿಗೆ ನಾಲ್ಕು ಸೆಕೆಂಡಿನ ಒಂದು ಅಳತೆಯಾದರೂ ಇತ್ತು, ಅಷ್ಟನ್ನು ಮಾತ್ರ ಹೊತ್ತರೆ ಸಾಕು ಎಂದುಕೊಂಡಿದ್ದ. ಆ ಅಳತೆಯೂ ಕೈಜಾರಿತು. ಅವನು ಹಾಳೆಗಳನ್ನು ಮಡಿಸಿ ಬಾಗಿಲಿನ ಕಡೆ ನೋಡಿದ.

“ಎಲ್ಲಿಗೆ ಹೊರಟ್ರಿ?” ಎಂದಳು ಮುದುಕಿ. “ಕೂತ್ಕೊಳ್ಳಿ. ಇವರೆಲ್ಲ ಕೇಳೋದಿದೆ.”

ಯಾರೋ ಕುರ್ಚಿ ತಂದಿಟ್ಟರು. ಬೈಂಡರ್ ಕೂತ. ಕ್ಯಾಪ್ಟನ್ ತಾನೂ ಒಂದು ಕುರ್ಚಿ ಎಳೆದು ಒಂದು ಮಾರು ದೂರದಲ್ಲಿ ಹಾಕಿಕೊಂಡು ಕೂತ. ಗೆಳೆತನಕ್ಕಲ್ಲ, ಬರುವ ಪ್ರಶ್ನೆಗಳಲ್ಲಿ ಅರ್ಧ ತನ್ನವೂ ಹೌದೆಂದು. ಮೂರನೇ ಸಾಲಿನಲ್ಲಿ ಒಬ್ಬ ನಡುವಯಸ್ಸಿನವನು ಎದ್ದು ನಿಂತ.

“ಅವತ್ತು ವಾಪಸು ಹೋಗಿ ಊಟ ಮಾಡಿದ್ರಾ?”

“ಮಾಡಿದೆ,” ಎಂದ ಬೈಂಡರ್. “ಹೊಟ್ಟೆ ತುಂಬ.”