ಅಣ್ಣನ ಕಾಲಿನ ಅಳತೆ

ಚಾಮರಾಜನಗರದಲ್ಲಿ ಕೃತಕ ಕಾಲು ಮಾಡುವ ಕಡೆ ಅಳತೆ ತೆಗೆಯುವವಳು ನಾನು. ಮೊದಲೆಲ್ಲ ಉಳಿದ ಮೋಟುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವ ತನಕ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಆಮೇಲೆ ಬೆಳಕಿನ ಯಂತ್ರ ಬಂತು. ಅದು ಕಾಲಿನ ಮೇಲೆ ಕಪ್ಪು-ಬಿಳಿ ಗೆರೆ ಚೆಲ್ಲುತ್ತದೆ. ಉಬ್ಬುತಗ್ಗಿನಲ್ಲಿ ಗೆರೆ ಎಷ್ಟು ಬಾಗಿತೆಂದು ಕ್ಯಾಮೆರಾ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಆಕಾರವನ್ನು ಕಂಪ್ಯೂಟರಿಗೆ ಇಳಿಸುತ್ತದೆ. ನನಗೋ ಅದರಿಂದ ಎಲ್ಲಿಲ್ಲದ ಜಂಬ.

ಸಕ್ಕರೆ ಕಾಯಿಲೆಯಿಂದ ಅಣ್ಣನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಗುಂಡ್ಲುಪೇಟೆ ಕಡೆಯ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಅವನು. ಮತ್ತೆ ಬಸ್ಸು ಹತ್ತಬೇಕೆಂಬುದೊಂದೇ ಹಟ. "ಮಂಡಿ ಉಳ್ಕಂಡದಲ್ಲ, ಸಾಕು ಬುಡು" ಎನ್ನುತ್ತಿದ್ದ. ಅಳತೆಯ ದಿನ ಯಂತ್ರ ನೋಡಿ ಬೆವತುಹೋದ. ಧೈರ್ಯ ಹೇಳೋಣವೆಂದು, "ಏನಿಲ್ಲ ಕಣಣ್ಣ, ಫೋಟೋ ತಗ್ದಂಗೆ, ಅಷ್ಟೆ" ಎಂದೆ.

ಆ ಮಾತು ನನ್ನ ಬಾಯಲ್ಲಿ ಯಾಕಾದರೂ ಬಂತೋ! ಫೋಟೋ ಎಂದರೆ ನಮ್ಮ ಕಡೆಯವರು ಉಸಿರು ಕಟ್ಟಿ, ಮೈಯೆಲ್ಲ ಸೆಟೆಸಿಕೊಂಡೇ ನಿಲ್ಲುವುದು. ಅಣ್ಣನೂ ಹಾಗೇ ಕೂತ; ಕಾಲಿನ ಮಾಂಸಖಂಡವೆಲ್ಲ ಬಿಗಿದು ಉಬ್ಬಿತು. ಪ್ಲಾಸ್ಟರ್ ಹಿಡಿದಿದ್ದರೆ ಕೈಗೆ ತಿಳಿಯುತ್ತಿತ್ತು. ಯಂತ್ರ ಆ ಬಿಗಿದ ಕ್ಷಣವನ್ನೇ ಅಳೆದುಬಿಟ್ಟಿತು. ನಾನು ಕಂಪ್ಯೂಟರ್ ನೋಡುತ್ತಿದ್ದೆ, ಅಣ್ಣನನ್ನು ನೋಡಲಿಲ್ಲ.

ಹೊಸ ಕಾಲು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ. "ನೋಯ್ತದಾ?" ಎಂದರೆ "ಭೇಷಾಗದೆ ಕಣಮ್ಮಿ" ಎಂದ. ನಾನೂ ನಂಬಿದೆ. ಮಾರನೆಯ ವಾರದಿಂದಲೇ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ. ಉಬ್ಬಿದ ಕಾಲಿನ ಅಳತೆಗೆ ಮಾಡಿದ್ದರಿಂದ, ಮೋಟುಗಾಲು ಕೂರುವ ಬಟ್ಟಲು ಸಡಿಲವಾಗಿತ್ತು. ಕಾಲು ಒಳಕ್ಕೆ ಜಾರಿ ಮೂಳೆಯ ತುದಿ ಉಜ್ಜುತ್ತಿತ್ತು. ಅತ್ತಿಗೆಗೆ ಗೊತ್ತಾಗಿ ನನಗೆ ಫೋನ್ ಮಾಡುವ ಹೊತ್ತಿಗೆ ಹುಣ್ಣು ಕೊಳೆತಿತ್ತು. ಡಾಕ್ಟರು ಮಂಡಿಯನ್ನೂ ತೆಗೆದರು.

ಆ ದಿನದ ಆಕಾರವನ್ನು ಮತ್ತೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಮಾಂಸಖಂಡ ಬಿಗಿದು ಉಬ್ಬಿದ್ದು ಎದ್ದು ಕಾಣುತ್ತಿತ್ತು; ತಪ್ಪು ನನ್ನದೇ. ಆದರೂ ಆಸ್ಪತ್ರೆಗೆ ಹೋಗಿ ರೇಗಿದ್ದು ಅವನ ಮೇಲೇ, ನನ್ನ ಹಾಳು ಸಿಟ್ಟು! "ಅಷ್ಟು ನೋವಿದ್ರೆ ಒಂದ್ ಮಾತು ಹೇಳಕ್ಕೇನಾಗಿತ್ತು ನಿಂಗೆ?"

ಅಣ್ಣ ಗೋಡೆ ಕಡೆ ಮುಖ ತಿರುಗಿಸಿಕೊಂಡ. "ಬಸ್ಸಲ್ಲಿ ಎಲ್ರಿಗೂ ಹೇಳ್ಬುಟ್ಟಿದ್ದೆ ಕಣಮ್ಮಿ, ನನ್ ತಂಗಿ ಮಾಡ್ಕೊಟ್ಟ ಕಾಲು ಅಂತ."